ಸಿಸ್ಟಮ್ ಲೀನಿಯರ್ ಹೌದೋ ಅಲ್ಲವೋ ಅಂತ ಪರೀಕ್ಷಿಸುವುದು ಹೇಗೆ?

ಪುಸ್ತಕದ ಸಮೀಕರಣದಲ್ಲಿ ಡಿಸಿ ಮೋಟಾರ್ ಲೀನಿಯರ್ (ಅಂದರೆ ಇನ್‌ಪುಟ್ ಎಷ್ಟು ಪಟ್ಟೋ ಔಟ್‌ಪುಟ್ ಅಷ್ಟೇ ಪಟ್ಟು), ಆದರೆ ಲ್ಯಾಬ್‌ನಲ್ಲಿ ವೋಲ್ಟೇಜ್ ಎರಡು ಪಟ್ಟು ಮಾಡಿದರೆ ವೇಗ ಸರಿಯಾಗಿ ಎರಡು ಪಟ್ಟಾಗಲ್ಲ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಅಳತೆಯನ್ನೇ ನಂಬಿ. ಪುಸ್ತಕದವರು ಘರ್ಷಣೆಯ ಒಂದು ಭಾಗವನ್ನು ಬಿಟ್ಟಿರುತ್ತಾರೆ, ಅಷ್ಟೇ.

ಪರೀಕ್ಷೆ ಅಂದರೆ ಸೂಪರ್‌ಪೊಸಿಷನ್. ಒಂದು ಇನ್‌ಪುಟ್ ಕೊಟ್ಟು ಔಟ್‌ಪುಟ್ ಬರೆದಿಟ್ಟುಕೊಳ್ಳಿ. ಇನ್ನೊಂದು ಕೊಟ್ಟು ಅದರದ್ದೂ ಬರೆದಿಟ್ಟುಕೊಳ್ಳಿ. ಆಮೇಲೆ ಎರಡನ್ನೂ ಕೂಡಿಸಿ ಕೊಡಿ. ಔಟ್‌ಪುಟ್‌ಗಳೂ ಹಾಗೆಯೇ ಕೂಡಬೇಕು. ಇನ್‌ಪುಟ್ ಎಷ್ಟು ಪಟ್ಟು ಹೆಚ್ಚಿಸುತ್ತೀರೋ ಔಟ್‌ಪುಟ್ ಅಷ್ಟೇ ಪಟ್ಟು ಹೆಚ್ಚಬೇಕು. ಪ್ರತಿ ಸಲವೂ ಸಿಸ್ಟಮ್ ಪೂರ್ತಿ ನಿಂತ ಸ್ಥಿತಿಯಿಂದ ಶುರುವಾಗಬೇಕು. ಇಲ್ಲದಿದ್ದರೆ ಹಿಂದಿನ ಸಲದ ಚಲನೆ ಲೆಕ್ಕ ಕೆಡಿಸುತ್ತದೆ.

ಗ್ರಾಫ್ ನೇರ ಗೆರೆ ಬಂತು ಅಂತ ಲೀನಿಯರ್ ಅಂದುಬಿಡಬೇಡಿ. ಇನ್‌ಪುಟ್ಟನ್ನು 2ರಿಂದ ಗುಣಿಸಿ 3 ಕೂಡಿಸುವ ಸಿಸ್ಟಮ್ ನೋಡಿ: 1 ಕೊಟ್ಟರೆ 5, 2 ಕೊಟ್ಟರೆ 7. ಬರಬೇಕಾದದ್ದು 10 ಅಲ್ವಾ? ಗೆರೆ ನೇರವೇ, ಆದರೆ ಸೊನ್ನೆಯ ಮೂಲಕ ಹಾದುಹೋಗಲ್ಲ.

ನಿಮ್ಮ ಮೋಟಾರ್ ಕಥೆಯೂ ಇದೇ. ಘರ್ಷಣೆ ಮೀರುವುದಕ್ಕೇ 1 ವೋಲ್ಟ್ ಬೇಕು ಅಂದುಕೊಳ್ಳಿ. 6 ವೋಲ್ಟ್ ಕೊಟ್ಟಾಗ ತಿರುಗಿಸಲು ಉಳಿಯುವುದು 5, 12 ಕೊಟ್ಟಾಗ 11. ವೇಗ 2.2 ಪಟ್ಟಾಗುತ್ತದೆ. ಅರ್ಧ ವೋಲ್ಟ್ ಕೊಟ್ಟು ನೋಡಿ, ಶಾಫ್ಟ್ ಅಲುಗಾಡಲ್ಲ. ಅದೇ ಅರ್ಧ ವೋಲ್ಟನ್ನು ಆರಕ್ಕೆ ಸೇರಿಸಿ, ವೇಗ ಏರುತ್ತದೆ.

ಸೈನ್ ಅಲೆ ಕೊಟ್ಟು ನೋಡುವ ದಾರಿಯೂ ಇದೆ. 50 ಹರ್ಟ್ಸ್ ಕೊಟ್ಟಾಗ ಔಟ್‌ಪುಟ್‌ನಲ್ಲಿ 100, 150 ಹರ್ಟ್ಸ್ ಕೂಡ ಕಂಡರೆ ಸಾಮಾನ್ಯವಾಗಿ ಲೀನಿಯರ್ ಅಲ್ಲ. ಆದರೆ ಸಮಯದ ಜೊತೆ ಗುಣಾಂಕ (ಇನ್‌ಪುಟ್ಟನ್ನು ಗುಣಿಸುವ ಸಂಖ್ಯೆ) ಬದಲಾಗುವ ಸಿಸ್ಟಮ್ ಲೀನಿಯರ್ ಆಗಿದ್ದೂ ಹೊಸ ಫ್ರೀಕ್ವೆನ್ಸಿ ಹುಟ್ಟಿಸಬಲ್ಲದು. ಅದಕ್ಕೇ ಈ ಪರೀಕ್ಷೆ ಒಂದನ್ನೇ ನಂಬಬೇಡಿ.

ಒಂದೇ ಒಂದು ಸಲ, ಅಳತೆಯ ತಪ್ಪಿಗಿಂತ ಜಾಸ್ತಿ ವ್ಯತ್ಯಾಸದಿಂದ ಫೇಲಾದರೆ ಲೀನಿಯರ್ ಅಲ್ಲ ಅಂತ ತೀರ್ಮಾನ. ಎಷ್ಟು ಸಲ ಪಾಸಾದರೂ ನೀವು ಪರೀಕ್ಷಿಸಿದ ವ್ಯಾಪ್ತಿಯ ಬಗ್ಗೆ ಮಾತ್ರ ಹೇಳಬಹುದು. 1 ಮೀಟರ್ ಉದ್ದದ ಲೋಲಕ ಸಣ್ಣದಾಗಿ ತೂಗಿದರೆ ಒಂದು ಆವರ್ತಕ್ಕೆ ಸುಮಾರು 2 ಸೆಕೆಂಡ್. 90 ಡಿಗ್ರಿಯಿಂದ ಬಿಟ್ಟರೆ ಸುಮಾರು 2.37. ಲೀನಿಯರ್ ಆಗಿದ್ದರೆ ಎರಡೂ ಸಲ ಒಂದೇ ಸಮಯ ಬರಬೇಕಿತ್ತು. ಸಣ್ಣ ಕೋನಗಳಲ್ಲಷ್ಟೇ ಅಳೆದವರಿಗೆ ಇದು ಗೊತ್ತೇ ಆಗಲ್ಲ.

ಕಂಟ್ರೋಲರ್ ಮಾಡುವುದಿದ್ದರೆ ಗಾಬರಿ ಬೇಡ. ಮೊದಲು ಒಂದೇ ವೋಲ್ಟೇಜನ್ನು ಹಲವು ಸಲ ಕೊಟ್ಟು ವೇಗ ಎಷ್ಟು ಹೆಚ್ಚುಕಮ್ಮಿ ಬರುತ್ತದೆ ನೋಡಿ. ಆಮೇಲೆ 6 ವೋಲ್ಟನ್ನು ಆಧಾರವಾಗಿಟ್ಟುಕೊಂಡು 7ಕ್ಕೆ, 8ಕ್ಕೆ ಏರಿಸಿ, ವೇಗದಲ್ಲಿ ಆದ ಬದಲಾವಣೆಯನ್ನಷ್ಟೇ ಹೋಲಿಸಿ. ಅಲ್ಲಿ ದುಪ್ಪಟ್ಟು ಲೆಕ್ಕ ಕೂಡಿಬರುತ್ತದೆ. ಮೋಟಾರ್ ಹಿಂದೆ ಮುಂದೆ ಎರಡೂ ಕಡೆ ತಿರುಗಬೇಕಿದ್ದರೆ ಮಾತ್ರ ಇದು ಸಾಲದು, ಮಾಡೆಲ್‌ಗೆ ಘರ್ಷಣೆಯನ್ನು ಸೇರಿಸಲೇಬೇಕು.