ಬ್ಯಾಂಕು ಕ್ರೆಡಿಟ್ ಅಂದಿದ್ದು ನಮ್ಮ ಪಾಠದಲ್ಲಿ ಡೆಬಿಟ್ ಯಾಕೆ?

ಖಾತೆಗೆ ದುಡ್ಡು ಹಾಕಿದರೆ ಬ್ಯಾಂಕಿನಿಂದ ‘ಕ್ರೆಡಿಟ್ ಆಗಿದೆ’ ಅಂತ ಮೆಸೇಜ್ ಬರುತ್ತದೆ, ಕಾಮರ್ಸ್ ಪಾಠದಲ್ಲಿ ಅದನ್ನೇ ಡೆಬಿಟ್ ಮಾಡಿ ಅಂತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಲೆಕ್ಕದ ಪುಸ್ತಕ ಯಾರದ್ದು ಅನ್ನುವುದಷ್ಟೇ ಬೇರೆ.

ನೀವು 1,000 ಹಾಕಿದಿರಿ ಅನ್ನಿ. ನಿಮ್ಮ ಪುಸ್ತಕದಲ್ಲಿ ಅದು ಆಸ್ತಿ. ಆಸ್ತಿ ಹೆಚ್ಚಾದರೆ ಡೆಬಿಟ್. ಬ್ಯಾಂಕಿಗೆ ಅದು ನಿಮಗೆ ವಾಪಸ್ ಕೊಡಬೇಕಾದ ಸಾಲ. ಸಾಲ ಹೆಚ್ಚಾದರೆ ಕ್ರೆಡಿಟ್. ಮೆಸೇಜ್ ಕಳಿಸುವಾಗ ಬ್ಯಾಂಕು ತನ್ನ ಪುಸ್ತಕ ನೋಡಿ ಹೇಳುತ್ತದೆ, ನಿಮ್ಮದನ್ನಲ್ಲ. ಕೈಗೆ ಬಂದ ನಗದನ್ನು ಅದೂ ಡೆಬಿಟ್ ಮಾಡಿಕೊಂಡಿರುತ್ತದೆ, ನಮಗೆ ಕಾಣಿಸುವುದಿಲ್ಲ ಅಷ್ಟೆ.

ಕ್ರೆಡಿಟ್ ಅಂದರೆ ಒಳ್ಳೆಯದು, ಡೆಬಿಟ್ ಅಂದರೆ ಕೆಟ್ಟದ್ದು ಅನ್ನುವ ಭಾವನೆ ಮೊದಲು ಬಿಡಿ. ಖಾತೆಯ ಪುಟದಲ್ಲಿ ಡೆಬಿಟ್ ಎಡಗಡೆ, ಕ್ರೆಡಿಟ್ ಬಲಗಡೆ, ಸುಮ್ನೆ ಹಾಗೆ ನೋಡಿ. (ನನಗೆ ಇದು ತಲೆಗೆ ಹೋಗಲು ಅರ್ಧ ವರ್ಷ ಬೇಕಾಯಿತು!) 1494ರಲ್ಲಿ ವೆನಿಸ್‌ನಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಚೋಲಿ ಜೋಡಿ ನಮೂದು ಪದ್ಧತಿಯನ್ನು (ಪ್ರತಿ ವ್ಯವಹಾರವನ್ನೂ ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್ ಅಂತ ಎರಡು ಸಲ ಬರೆಯುವುದು) ವಿವರಿಸಿ ಅಚ್ಚು ಹಾಕಿಸಿದಾಗಲೂ ಎಡ ಬಲ ಹೀಗೇ ಇತ್ತು.

ಮಾಲೀಕ ತಂದ ಬಂಡವಾಳ ಕ್ರೆಡಿಟ್ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಲೆಕ್ಕದಲ್ಲಿ ವ್ಯಾಪಾರವೇ ಬೇರೆ, ಮಾಲೀಕನೇ ಬೇರೆ. ವ್ಯಾಪಾರ ಅವನಿಗೆ ಆ ದುಡ್ಡು ಕೊಡಬೇಕು ಅಲ್ವಾ? ಮುಂದೆ ನಗದು ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡುವ ಪಾಠ ಬಂದಾಗ ಈ ವಿಷಯ ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ.