ದೀಪ ಹಚ್ಚೋ ಹೊತ್ತಿನ ಶಾರ್ಟ್‌ವೇವ್

ಪ್ರಶ್ನೆ (ಡೊಂಬಿವಲಿ): ರೇಡಿಯೊದ ಶಾರ್ಟ್‌ವೇವ್‌ನಲ್ಲಿ, 31 ಮೀಟರ್ ಬ್ಯಾಂಡ್‌ನಲ್ಲಿ ಮಧ್ಯಾಹ್ನ ಬರೀ ಗರಗರ. ಸೂರ್ಯ ಮುಳುಗೋ ಹೊತ್ತಿಗೆ ದೂರದ ಸ್ಟೇಷನ್ ಜೋರಾಗಿ ಕೇಳುತ್ತದೆ, ಆಮೇಲೆ ಮತ್ತೆ ಕುಗ್ಗುತ್ತದೆ. ಸಂಜೆ ಗಾಳಿ ತಂಪಾಗುವುದರಿಂದ ಹೀಗಾ?

ಅಲ್ಲ. ಈ ತಂಪುಗಾಳಿಯ ಕತೆ ಯಾರು ಹಬ್ಬಿಸಿದರೋ ಗೊತ್ತಿಲ್ಲ, ಪ್ರತಿ ತಿಂಗಳೂ ಯಾರಾದರೂ ಕೇಳೇ ಕೇಳುತ್ತಾರೆ. ಮುಂಬೈನಲ್ಲಿ ಸಂಜೆ ಗಾಳಿ ತಂಪಾಗುವುದು ಎಲ್ಲಿ, ಮೊದಲು ಅದನ್ನು ಹೇಳಿ!

ಒಂದು ಸಂಜೆ ಪರೇಲ್‌ನ ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿ. ಕೆಳಗೆ ವಡಾಪಾವ್ ಗಾಡಿಯವರು ಆಗಲೇ ಲೈಟು ಹಾಕಿರುತ್ತಾರೆ. ಟವರಿನ ನಲವತ್ತನೇ ಮಹಡಿಯ ಗಾಜಿನ ಮೇಲೆ ಇನ್ನೂ ಬಿಸಿಲು. ಆಕಾಶದಲ್ಲೂ ಹೀಗೇ. ಅಲ್ಲಿ ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿ ಪದರ ಪದರವಾಗಿ ಇಟ್ಟಿರುತ್ತದೆ. ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಡಿ ಪದರ, ಹಗಲೆಲ್ಲಾ ಸಿಗ್ನಲ್ ನುಂಗುವುದು ಇದೇ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಜಾಸ್ತಿ ನುಂಗುತ್ತದೆ. ಅದಕ್ಕೂ ಮೇಲೆ, 300 ಕಿ.ಮೀ. ಆಸುಪಾಸಿನಲ್ಲಿ ಎಫ್ ಪದರ. ಸಿಗ್ನಲನ್ನು ಬಗ್ಗಿಸಿ ನೆಲಕ್ಕೆ ವಾಪಸ್ ಕಳಿಸುವುದು ಅದು.

ಬಿಸಿಲು ಓರೆಯಾಗುತ್ತಿದ್ದಂತೆ ಡಿ ಸೊರಗುತ್ತದೆ. ಅಷ್ಟು ಕೆಳಗೆ ಗಾಳಿ ದಟ್ಟ, ಬಿಡಿ ಎಲೆಕ್ಟ್ರಾನ್‌ಗಳು ಬೇಗ ಮತ್ತೆ ಅಂಟಿಕೊಂಡುಬಿಡುತ್ತವೆ. ಎಫ್ ಪದರಕ್ಕೆ ಮಾತ್ರ ಸೂರ್ಯ ನಮ್ಮ ದಿಗಂತದಿಂದ ಸುಮಾರು 17 ಡಿಗ್ರಿ ಕೆಳಗಿಳಿಯುವ ತನಕ ಬಿಸಿಲುಂಟು. ಮುಂಬೈ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಒಂದೂಕಾಲು ಗಂಟೆ. ನುಂಗುವವನು ಹೋದ, ದಾಟಿಸುವವನು ಇನ್ನೂ ಅಲ್ಲೇ ಇದ್ದಾನೆ. ಅದೇ ನಿಮ್ಮ ಜೋರು.

ಆ ದೂರದ ಊರಲ್ಲೂ ಅದೇ ಹೊತ್ತಿಗೆ ಸಂಜೆಯಾಗಿದ್ದರೆ ಹೇಳೋದೇ ಬೇಡ, ಇನ್ನೂ ಜೋರು. ಹಗಲು-ಇರುಳಿನ ಗಡಿಗೆರೆ ಋತು ನೋಡಿಕೊಂಡು ವಾಲುತ್ತದೆ. ಡಿಸೆಂಬರ್ ಸಂಜೆ ನಮ್ಮಿಂದ ಮಾಸ್ಕೋ ಕಡೆಗೆ, ಜೂನ್ ಸಂಜೆ ಮಾರಿಷಸ್ ಕಡೆಗೆ. ರಾತ್ರಿಯಾದಂತೆ ಎಫ್ ಕೂಡ ತೆಳುವಾಗುತ್ತದೆ, ಮೇಲಿನ ಫ್ರೀಕ್ವೆನ್ಸಿಗಳು ಬಗ್ಗದೆ ಆಚೆ ಹೊರಟುಹೋಗುತ್ತವೆ. ಆಗ 41 ಮೀಟರಿಗೋ 49ಕ್ಕೋ ಇಳಿಯಿರಿ (ಮೀಟರ್ ಜಾಸ್ತಿಯಾದಷ್ಟೂ ಫ್ರೀಕ್ವೆನ್ಸಿ ಕಡಿಮೆ), ಸುಮ್ನೆ 31ರಲ್ಲೇ ಕೂರಬೇಡಿ.

ಇನ್ನೊಂದು. ವರ್ಷವಿಡೀ ಸರಿಯಾಗಿ ಏಳಕ್ಕೆ ರೇಡಿಯೊ ಹಚ್ಚಿ 'ಏನೂ ಬರಲ್ಲ' ಅಂತ ಬರೆಯಬೇಡಿ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ, ಜೂನ್ ಕೊನೆಗೆ ಏಳೂಕಾಲು ದಾಟುತ್ತದೆ. ಗೋಡೆಯ ಮೇಲೆ ಕಾಲನಿರ್ಣಯ ಕ್ಯಾಲೆಂಡರ್ ಇದೆ ಅಲ್ವಾ? ಅದರಲ್ಲೇ ಇದೆ, ನೋಡಿ.

ಪ್ರಶ್ನೆ (ವಾಶಿ): ಹುಣ್ಣಿಮೆ ದಿನ ದೂರದ ಸ್ಟೇಷನ್ ಚೆನ್ನಾಗಿ ಸಿಗುತ್ತದಂತೆ?

ಇಲ್ಲ.

ಪ್ರಶ್ನೆ (ಠಾಣೆ): ಆನ್‌ಲೈನ್‌ನಲ್ಲಿ 'ಆಂಟೆನಾ ಬೂಸ್ಟರ್' ಡಬ್ಬಿ ಸಿಗುತ್ತದೆ, ಕೊಳ್ಳಲಾ?

ಅಂಥದ್ದೊಂದನ್ನು ಬಿಚ್ಚಿ ನೋಡಿದ್ದೇನೆ. ಎರಡು ಸುತ್ತು ತಂತಿ, ಮೇಲೊಂದು ಮುದ್ದೆ ಎಂ-ಸೀಲ್. ಅದೇ ದುಡ್ಡಿಗೆ ಹತ್ತು ಮೀಟರ್ ತಂತಿ ತಂದು ಬಾಲ್ಕನಿಯಿಂದ ಎಳೆಯಿರಿ. ಅದಕ್ಕೂ ಮೊದಲು ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಆರಿಸಿ. ಅರ್ಧ ಗರಗರ ಅವುಗಳದ್ದೇ.

ಪ್ರಶ್ನೆ (ಪುಣೆ): ಮಳೆಮೋಡ ಸಿಗ್ನಲ್ ತಡೆಯುತ್ತದಾ?

ಮೋಡ ಏನೂ ಮಾಡಲ್ಲ. ಸಿಡಿಲು ಮಾಡುತ್ತದೆ. ಮೊದಲ ಗುಡುಗು ಕೇಳುವ ಮುಂಚೆಯೇ ನಾನು ಟೆರೇಸಿನ ತಂತಿ ಕಳಚಿಡುತ್ತೇನೆ, ಅಕ್ಟೋಬರ್ ಮುಗಿಯುವ ತನಕ ಮತ್ತೆ ಹಾಕುವುದಿಲ್ಲ. ಮನೆಯವರು ಪುಕ್ಕಲ ಅಂತ ನಗುತ್ತಾರೆ. ನಗಲಿ.