ಹಳೆಯ ಯೆಜ್ಡಿ ರೋಡ್‌ಕಿಂಗ್‌ನಲ್ಲಿ ಆಯಿಲ್ ಸೋರುತ್ತಿದ್ದರೆ ಎಂಜಿನ್ ಪೂರ್ತಿ ಬಿಚ್ಚಿಸಲೇಬೇಕೇ?

ಹಾಸನದ ಮನೆಯ ಶೆಡ್ಡಿನಲ್ಲಿ ಹಲವು ವರ್ಷ ನಿಂತಿದ್ದ ನಿಮ್ಮ ತಂದೆಯವರ 1984ರ ರೋಡ್‌ಕಿಂಗನ್ನು ಈಗ ಮತ್ತೆ ಓಡಿಸತೊಡಗಿದ್ದೀರಿ. ಬೆಳಗಾಗುವಷ್ಟರಲ್ಲಿ ಎಂಜಿನ್ನಿನ ಅಡಿಯಲ್ಲಿ ಅಂಗೈ ಅಗಲ ಆಯಿಲ್ ಬಿದ್ದಿರುತ್ತದೆ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಕೊಳವೆಯ, ಅಂದರೆ ಬೆಂಡಿನ, ಬುಡ ಕಪ್ಪಗೆ ಜಿಡ್ಡಾಗಿದೆ, ಗ್ಯಾರೇಜಿನವರು ಎಂಜಿನ್ ಪೂರ್ತಿ ಬಿಚ್ಚಬೇಕು ಎನ್ನುತ್ತಿದ್ದಾರೆ, ಅದು ನಿಜವಾಗಿ ಅಗತ್ಯವೇ ಎಂಬುದು ನಿಮ್ಮ ಪ್ರಶ್ನೆ. ಚಿಕ್ಕಮಗಳೂರಿನ ಮಳೆಯಲ್ಲಿ ಇದೇ ಗಾಡಿಯನ್ನು ಇಟ್ಟುಕೊಂಡು ಓಡಿಸುತ್ತಿರುವವನಾಗಿ ನನ್ನ ಉತ್ತರ ಇಷ್ಟು: ಸೋರುತ್ತಿರುವುದು ಯಾವ ಆಯಿಲ್ ಎಂಬುದು ಖಚಿತವಾಗುವವರೆಗೆ ಒಂದು ಸ್ಕ್ರೂವನ್ನೂ ಬಿಚ್ಚಿಸಬೇಡಿ.

ರೋಡ್‌ಕಿಂಗಿನದು ಟೂ ಸ್ಟ್ರೋಕ್ ಎಂಜಿನ್. ಅದರ ಕ್ರ್ಯಾಂಕ್‌ಕೇಸಿನಲ್ಲಿ, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಗೂಡಿನಲ್ಲಿ, ಫೋರ್ ಸ್ಟ್ರೋಕ್‌ನಂತೆ ಆಯಿಲ್ ತುಂಬಿರುವುದಿಲ್ಲ. ಪೆಟ್ರೋಲಿನೊಂದಿಗೆ ಬೆರೆತು ಬರುವ 2ಟಿ (ಟೂ ಸ್ಟ್ರೋಕ್) ಆಯಿಲ್ ಮಾತ್ರ ಅಲ್ಲಿ ಹಾದುಹೋಗುತ್ತದೆ. ಗೇರ್‌ಬಾಕ್ಸ್ ಮತ್ತು ಕ್ಲಚ್ಚಿಗೆ ಸೇರಿ ಬೇರೆಯೇ ಆಯಿಲ್ ಇರುತ್ತದೆ. ಮುಚ್ಚಿದ ಚೈನ್ ಕವರಿನೊಳಗೆ ಯಾರೋ ಧಾರಾಳವಾಗಿ ಬಳಿದ ಗ್ರೀಸು ಬಿಸಿಲಿಗೆ ಕರಗಿ ತೊಟ್ಟಿಕ್ಕಿದರೂ ಅದು ಗೇರ್ ಆಯಿಲಿನಂತೆಯೇ ಕಾಣುತ್ತದೆ. ಕಾರ್ಬೊರೇಟರಿನಿಂದ ಜಿನುಗಿದ ಪೆಟ್ರೋಲು ಆರಿಹೋಗಿ ಅದರಲ್ಲಿದ್ದ ಆಯಿಲ್ ಮಾತ್ರ ಎಂಜಿನ್ನಿನ ಮೇಲೆ ಉಳಿದುಕೊಳ್ಳುವುದೂ ಉಂಟು. ಆದ್ದರಿಂದ ಮೊದಲು ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ಎಂಜಿನ್ನನ್ನು ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ನೋಡಿ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಹನಿ ಬೀಳುವ ಜಾಗವನ್ನಲ್ಲ, ಪೌಡರ್ ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲಿರುವ, ಮುಂದಿರುವ ಜಾಗವನ್ನು ಗುರುತಿಸಬೇಕು.

ಬೆಂಡಿನ ಬುಡದ ಕಪ್ಪು ಜಿಡ್ಡು ಸುಡದೆ ಉಳಿದ 2ಟಿ ಆಯಿಲ್. ಅದಕ್ಕಾಗಿ ಎಂಜಿನ್ ಬಿಚ್ಚಬೇಕಿಲ್ಲ. ಎರಡೂ ಬೆಂಡುಗಳ ರಿಂಗುಗಳನ್ನು ಹೊಸದಾಗಿ ಹಾಕಿಸಿ, ಎಂಜಿನ್ ಬಿಸಿಯಾದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಸೈಲೆನ್ಸರಿನ ಒಳಗಿನ ಕಾರ್ಬನ್ ತೆಗೆಸಿ. ಸಾಧಾರಣ ಎಂಜಿನ್ ಆಯಿಲ್ ಬೆರೆಸುತ್ತಿದ್ದ ಕಾಲದ 20ಕ್ಕೆ 1ರ ಲೆಕ್ಕದಲ್ಲಿ, ಅಂದರೆ ಲೀಟರಿಗೆ 50 ಮಿಲಿಯಂತೆ, ಈಗಲೂ ಹಾಕುತ್ತಿದ್ದರೆ ಜಿಡ್ಡು ಹೆಚ್ಚುವುದು ಸಹಜ. ಈಗಿನ ಒಳ್ಳೆಯ 2ಟಿ ಆಯಿಲನ್ನು ನಾನು ಲೀಟರಿಗೆ 40 ಮಿಲಿ ಹಾಕುತ್ತೇನೆ. ಘಾಟಿ ಏರುವ ಗಾಡಿಗೆ ಅದಕ್ಕಿಂತ ಕಡಿಮೆ ಮಾಡಲು ನನಗೆ ಮನಸ್ಸಿಲ್ಲ.

ನೆಲದ ಮೇಲೆ ಬೀಳುತ್ತಿರುವುದು ಬಹುಶಃ ಗೇರ್ ಆಯಿಲ್. ಅದು ಹೊರಬರುವ ದಾರಿಗಳಲ್ಲಿ ಮೊದಲು ನೋಡಬೇಕಾದದ್ದು ಎಡಗಡೆಯ ಕ್ಲಚ್ ಕವರ್. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವುದರಿಂದ, ಕವರನ್ನು ಹಾದು ಬರುವ ಶಾಫ್ಟಿನ ಸುತ್ತ ಸವೆತ ಹೆಚ್ಚು. ಲಿವರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಶಾಫ್ಟ್ ಆಡಿದರೆ ಅದನ್ನು ಹಿಡಿದಿಡುವ ಲೋಹದ ಬಳೆ, ಅಂದರೆ ಬುಷ್, ಸವೆದಿದೆ ಎಂದೇ ಅರ್ಥ. ಆಗ ರಬ್ಬರ್ ರಿಂಗ್ ಮಾತ್ರ ಬದಲಿಸಿದರೆ ಸೋರಿಕೆ ಬೇಗನೆ ಮರಳುತ್ತದೆ, ಲೇತಿನಲ್ಲಿ ಬುಷ್ ಮಾಡಿಸಿ ಕೂರಿಸುವುದೇ ಸರಿ. ಕವರಿನ ಅಂಚು ಸೊಟ್ಟಗಾಗಿದೆಯೇ ಎಂದು ತಿಳಿಯಲು ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹರಡಿ, ಅಂಚನ್ನು ಹಗುರವಾಗಿ ಉಜ್ಜಿ ನೋಡಿ: ಹೊಳಪು ಬಾರದ ಕಡೆ ತಗ್ಗಿದೆ. ಸ್ಕ್ರೂಡ್ರೈವರ್ ತೂರಿಸಿ ಕವರ್ ಎಬ್ಬಿಸಿದವರ ಗುರುತುಗಳು ಹಳೆಯ ಗಾಡಿಗಳಲ್ಲಿ ಸಾಮಾನ್ಯ, ಸೋರಿಕೆ ಶುರುವಾಗುವುದೂ ಅಲ್ಲಿಂದಲೇ. ಅಂಚು ಸಮವಿದ್ದರೆ ಜೋಡಣೆಯ ನಡುವೆ ಇಡುವ ಒಳ್ಳೆಯ ಪೇಪರ್ ಗ್ಯಾಸ್ಕೆಟ್ ಸಾಕು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಒಳಕ್ಕೆ ಉಕ್ಕಿದ್ದು ತುಂಡಾಗಿ ಆಯಿಲಿನಲ್ಲಿ ತೇಲುತ್ತದೆ, ಪೆಟ್ರೋಲ್ ತಾಗುವ ಜಾಗದಲ್ಲಂತೂ ಅದು ಉಬ್ಬಿ ಕಿತ್ತುಬರುತ್ತದೆ.

ಆಯಿಲಿನ ಮಟ್ಟವನ್ನೂ ನೋಡಿ. ಹೆಚ್ಚು ತುಂಬಿದ್ದರೆ, ಇಲ್ಲವೇ ಗೇರ್‌ಬಾಕ್ಸಿನ ಗಾಳಿ ರಂಧ್ರ ಕೆಸರಿನಿಂದ ಮುಚ್ಚಿಹೋಗಿದ್ದರೆ, ಬಿಸಿಯಾದ ಗಾಳಿ ಹಿಗ್ಗಿ ಆಯಿಲನ್ನು ಇದ್ದ ಸಂದಿಯಿಂದ ಹೊರಕ್ಕೆ ದೂಡುತ್ತದೆ. ಕಳಚಿ ತೆಗೆದ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ. ಮಲೆನಾಡಿನ ಜುಲೈ ತಿಂಗಳಲ್ಲಿ ನಿಲ್ಲಿಸಿದ ಗಾಡಿಗಳಿಗೆ ಇದು ಬೇಗ ಆಗುತ್ತದೆ. ಸೋರಿಕೆ ತಗ್ಗಲೆಂದು ದಪ್ಪನೆಯ 90 ಗ್ರೇಡಿನ ಆಯಿಲ್ ಹಾಕುವ ಸಲಹೆಯೂ ನಿಮಗೆ ಬರುತ್ತದೆ. ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ, ಚಳಿಯ ಬೆಳಗಿನಲ್ಲಿ ಪ್ಲೇಟುಗಳು ಅಂಟಿಕೊಂಡು ಗೇರ್ ಹಾಕಿದ ಕೂಡಲೇ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಬೈಕಿಗೆಂದೇ ಮಾಡಿದ 20ಡಬ್ಲ್ಯೂ 40 ಆಯಿಲ್ ಸಾಕು.

ಇದಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ಸೋರಿಕೆ. ಕ್ರ್ಯಾಂಕ್ ಶಾಫ್ಟಿನ ಎರಡೂ ತುದಿಗಳಲ್ಲಿ ಆಯಿಲ್ ಸೀಲ್ ಎಂಬ ರಬ್ಬರ್ ತುಟಿಯ ಬಳೆ ಇರುತ್ತದೆ. ಕ್ಲಚ್ ಕಡೆಯದು ಸವೆದರೆ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸ್ ಗೇರ್ ಆಯಿಲನ್ನೇ ಒಳಕ್ಕೆ ಎಳೆದುಕೊಂಡು ಸುಡುತ್ತದೆ: ನೆಲದ ಮೇಲೆ ಹನಿಯೂ ಬೀಳದೆ ಗೇರ್ ಆಯಿಲ್ ಇಳಿಯುತ್ತಾ ಹೋಗುತ್ತದೆ, ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ. ಬಲಗಡೆ ಡೈನಮೋ ಹಿಂದಿನ ಸೀಲ್ ಹೋದರೆ ಆಯಿಲ್ ಬದಲು ಗಾಳಿ ಒಳಸೇರುತ್ತದೆ; ಮಿಶ್ರಣ ತೆಳುವಾಗಿ ಐಡ್ಲಿಂಗ್ ತಾನೇ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ, ಎಂಜಿನ್ ಅತಿಯಾಗಿ ಕಾದು ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಹಿಂದಿನ ಚಕ್ರ ಹಾಗೆ ಬಿಗಿದುಕೊಂಡರೆ ಜೀವಕ್ಕೇ ಅಪಾಯ.

ಇವುಗಳನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಕಾರ್ಬೊರೇಟರ್ ತೆಗೆದು, ಎಂಜಿನ್ನಿನಲ್ಲಿ ಅದು ಕೂರುವ ಬಾಯಿಯನ್ನೂ ಎರಡೂ ಬೆಂಡುಗಳ ಬಾಯಿಯನ್ನೂ ರಬ್ಬರ್ ಬಿರಡೆಗಳಿಂದ ಬಿಗಿಯಾಗಿ ಮುಚ್ಚಿ, ಒಂದು ಬಿರಡೆಯಲ್ಲಿ ಕೊಳವೆ ತೂರಿಸಿ, ಬಿಪಿ ನೋಡುವ ಉಪಕರಣದ ಬಲ್ಬು ಮತ್ತು ಮೀಟರನ್ನು ಅದಕ್ಕೆ ಜೋಡಿಸಿ. ಪಿಸ್ಟನ್ನನ್ನು ಕೆಳತುದಿಗೆ ತಂದು ಆ ಮೀಟರಿನ 300ರವರೆಗೆ ಗಾಳಿ ತುಂಬಿದರೆ ಒತ್ತಡ ಸುಮಾರು 6 ಪಿಎಸ್‌ಐ ಆಗುತ್ತದೆ. ಅದಕ್ಕಿಂತ ಹೆಚ್ಚು ತುಂಬಬೇಡಿ. ಮುಳ್ಳು ಕೆಲವು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಂತರೆ ಸೀಲುಗಳು ಚೆನ್ನಾಗಿವೆ. ಸರಸರನೆ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಕಡೆ ಹುಡುಕಿ: ಮೊದಲು ಬಿರಡೆಗಳ ಸುತ್ತ, ಆಮೇಲೆ ಹೆಡ್ಡಿನ ಕೆಳಗೆ, ಬ್ಯಾರೆಲ್ಲಿನ ಬುಡದಲ್ಲಿ, ಡೈನಮೋ ತೆಗೆದು ಅದರ ಹಿಂದೆ. ಹೊರಗೆಲ್ಲೂ ಗುಳ್ಳೆ ಇಲ್ಲದೆ, ಗೇರ್ ಆಯಿಲ್ ತುಂಬುವ ರಂಧ್ರದಲ್ಲಿ ಗಾಳಿ ಬಂದರೆ ಕ್ಲಚ್ ಕಡೆಯ ಸೀಲ್ ಹೋಗಿದೆ.

ಸೀಲ್ ಕೊಳ್ಳುವಾಗ 'ಹಳೆಯ ಅಸಲಿ ಸ್ಟಾಕ್' ಎಂಬ ಮಾತಿಗೆ ಮರುಳಾಗಬೇಡಿ. ಈ ಗಾಡಿಯನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಕಾಲದ ರಬ್ಬರ್ ಡಬ್ಬಿಯೊಳಗೇ ಗಟ್ಟಿಯಾಗಿರುತ್ತದೆ. ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ಅಗಲ ಎಂದು ಮೂರು ಅಂಕಿಗಳು ಮಿಲಿಮೀಟರಿನಲ್ಲಿ ಇರುತ್ತವೆ, ಅವನ್ನು ತೋರಿಸಿ ಬೇರಿಂಗ್ ಅಂಗಡಿಯಲ್ಲಿ ಹೊಸದನ್ನೇ ಕೊಳ್ಳಿ. ಸ್ಪ್ರಿಂಗ್ ಇರುವ ಬದಿ ಕ್ರ್ಯಾಂಕ್ ಕಡೆಗೆ ತಿರುಗಿರಬೇಕು. ಶಾಫ್ಟಿನ ಮೇಲೆ ಹಳೆಯ ಸೀಲಿನ ತುಟಿ ಗೆರೆ ಕೊರೆದಿದ್ದು ಜಾಗವಿದ್ದರೆ, ಹೊಸದನ್ನು ಒಂದು ಮಿಲಿಮೀಟರ್ ಆಚೀಚೆ ಕೂರಿಸಿದರೆ ತುಟಿ ಸವೆಯದ ಲೋಹದ ಮೇಲೆ ನಿಲ್ಲುತ್ತದೆ.

ಕ್ರ್ಯಾಂಕ್ ಶಾಫ್ಟಿನ ತುದಿ ಹಿಡಿದು ಅಲುಗಿಸಿದಾಗ ಬೇರಿಂಗಿನಲ್ಲಿ ಆಟ ಕಂಡರೆ, ಅಥವಾ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಸೇರುವ ಗೆರೆಯಲ್ಲಿಯೇ ಗುಳ್ಳೆ ಎದ್ದರೆ, ಗ್ಯಾರೇಜಿನವರ ಮಾತು ಸರಿ: ಆಗ ಎಂಜಿನ್ ಪೂರ್ತಿ ಬಿಚ್ಚಿಸಿ, ಬೇರಿಂಗುಗಳನ್ನೂ ಎರಡೂ ಸೀಲುಗಳನ್ನೂ ಒಟ್ಟಿಗೇ ಬದಲಿಸಿ, ಹೋಳುಗಳನ್ನು ಜೋಡಿಸಿದ ಮೇಲೆ ಗಾಡಿಗೆ ಕೂರಿಸುವ ಮೊದಲೇ ಅದೇ ಒತ್ತಡ ಪರೀಕ್ಷೆಯನ್ನು ನಿಮ್ಮೆದುರಿಗೆ ಮತ್ತೊಮ್ಮೆ ಮಾಡಿಸಿ.